ಅಭದ್ರ ಅನುಬಂಧ ಮತ್ತು ದಾಂಪತ್ಯ: ತುಳುನಾಡಿನ ನೆಲೆಯಿಂದ ಒಂದು ಸಮೀಕ್ಷೆ

ಶೈಶವದಲ್ಲಿ ತನ್ನನ್ನು ಪೋಷಿಸುವವರೊಡನೆ ಮಗುವು ಬೆಳೆಸಿಕೊಳ್ಳುವ ಭಾವಸಂಬಂಧವನ್ನು ಮನಶ್ಶಾಸ್ತ್ರದಲ್ಲಿ ಅನುಬಂಧವೆಂದು ಕರೆಯುವುದುಂಟು. ಭಯವಾದಾಗ, ನೋವಾದಾಗ, ಆಯಾಸದಿಂದ ಬಳಲಿದಾಗ ಯಾರ ಬಳಿಗೆ ಓಡಿದರೆ ಆಸರೆ ದೊರೆಯುವುದೆಂದು ಮಗುವು ಅನುಭವದಿಂದ ಅರಿತಿರುವುದೋ, ಮತ್ತು ಆ ಆಸರೆಯ ಭರವಸೆಯಿಂದಲೇ ಅಂಗಳವನ್ನು ದಾಟಿ ಲೋಕವನ್ನು ಕಾಣಲು ಧೈರ್ಯಗೊಳ್ಳುವುದೋ, ಆ ಸಂಬಂಧವು ಭದ್ರವಾದದ್ದು. ಕರೆದರೆ ಬರುವರೋ ಬಾರರೋ ಎಂಬ ಶಂಕೆಯಾಗಲಿ, ಕರೆಯುವುದೇ ವ್ಯರ್ಥವೆಂಬ ನಿಶ್ಚಯವಾಗಲಿ, ಆಸರೆಯಾಗಬೇಕಾದವರೇ ಭಯಕ್ಕೂ ಕಾರಣರಾಗುವ ವೈಪರೀತ್ಯವಾಗಲಿ ನೆಲೆಗೊಂಡಲ್ಲಿ ಅದು ಅಭದ್ರವೆನಿಸುತ್ತದೆ. ಹೀಗೆ ಎಳವೆಯಲ್ಲಿ ರೂಢಿಸಿದ ನಿರೀಕ್ಷೆಗಳು ಪ್ರಾಯಕ್ಕೆ ಬಂದ ಮೇಲೆ ಪ್ರಣಯದಲ್ಲಿಯೂ ದಾಂಪತ್ಯದಲ್ಲಿಯೂ ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತವೆಂಬುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಬಲವಾಗಿ ಬೆಳೆದುಬಂದ ವಾದ. ತಂದೆ, ತಾಯಿ, ಮಗು ಎಂಬ ಮೂವರ ಸಂಸಾರವನ್ನೇ ಸಹಜವೆಂದು ಬಗೆದ ನಾಡುಗಳಲ್ಲಿ ಹುಟ್ಟಿದ ಈ ವಾದವನ್ನು, ಮಗುವು ತಾಯಿಯ ತವರಿನಲ್ಲಿ ಬೆಳೆದು ಗಂಡನೆಂಬವನು ಬಂದುಹೋಗುವ ನೆಂಟನಂತಿದ್ದ ತುಳುನಾಡಿನ ಬೆಳ್ತಂಗಡಿ, ಬಂಟವಾಳ, ಮೂಡುಬಿದಿರೆಗಳ ಸೀಮೆಯಲ್ಲಿ ನಿಂತು ಪರಿಶೀಲಿಸಿದರೆ ಅದರ ಸತ್ತ್ವವೂ ಮಿತಿಯೂ ಒಟ್ಟಿಗೆ ಗೋಚರಿಸುತ್ತವೆ. ಆದಕಾರಣ ಇಲ್ಲಿ ಸಿದ್ಧಾಂತದ ಸಾಮಾನ್ಯ ವಿವರಣೆಯ ಜೊತೆಗೆ ಆ ಸೀಮೆಯ ಕುಟುಂಬಪದ್ಧತಿಗೂ ವಿಶೇಷ ಗಮನವನ್ನು ಕೊಡಲಾಗಿದೆ.

ಸಿದ್ಧಾಂತದ ಉಗಮ

ಅನುಬಂಧಸಿದ್ಧಾಂತದ ಪ್ರವರ್ತಕ ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ (1907-1990). ಲಂಡನ್ನಿನ ಶ್ರೀಮಂತ ಮನೆತನವೊಂದರಲ್ಲಿ ಹುಟ್ಟಿದ ಈತನನ್ನು ಅಂದಿನ ರೂಢಿಯಂತೆ ದಾದಿಯರು ಸಾಕಿದರು. ತನಗೆ ನಾಲ್ಕು ವರ್ಷವಾಗಿದ್ದಾಗ ಮೆಚ್ಚಿನ ದಾದಿಯು ಮನೆಬಿಟ್ಟು ಹೋದದ್ದು ತಾಯಿಯ ಅಗಲಿಕೆಗೆ ಸಮಾನವಾದ ದುಃಖವಾಗಿತ್ತೆಂದು ಮುಂದೆ ಆತನೇ ಹೇಳಿಕೊಂಡಿದ್ದಾನೆ. 1944ರಲ್ಲಿ ಪ್ರಕಟವಾದ ಆತನ ಪ್ರಬಂಧವೊಂದು ಕಳ್ಳತನದ ಅಭ್ಯಾಸವಿದ್ದ 44 ಮಕ್ಕಳ ಪೂರ್ವವೃತ್ತಾಂತಗಳನ್ನು ಕುರಿತದ್ದು. ಅವರಲ್ಲಿ ಯಾರ ಮೇಲೂ ಮಮತೆಯಿಲ್ಲದವರಂತೆ ಕಂಡ 14 ಮಂದಿಯ ಪೈಕಿ 12 ಮಂದಿ ಎಳವೆಯಲ್ಲಿಯೇ ತಾಯಿಯಿಂದ ದೀರ್ಘಕಾಲ ಬೇರ್ಪಟ್ಟವರಾಗಿದ್ದರು. ಎರಡನೆಯ ಮಹಾಯುದ್ಧದ ಬಳಿಕ ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ ಬೌಲ್ಬಿ ಸಿದ್ಧಪಡಿಸಿ 1951ರಲ್ಲಿ ಹೊರಬಂದ ವರದಿಯು ಅನಾಥಾಲಯಗಳ ಮತ್ತು ಮಕ್ಕಳ ಆಸ್ಪತ್ರೆಗಳ ಪದ್ಧತಿಯನ್ನೇ ಪ್ರಶ್ನಿಸಿತು. ಆ ಕಾಲದ ಆಸ್ಪತ್ರೆಗಳಲ್ಲಿ ತಾಯಿತಂದೆಯರು ಮಗುವನ್ನು ಕಾಣಲು ಬರುವುದೇ ಶುಶ್ರೂಷೆಗೆ ಅಡ್ಡಿಯೆಂದು ತಿಳಿಯಲಾಗುತ್ತಿತ್ತಷ್ಟೆ. ಬೌಲ್ಬಿಯ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ತೆರೆಗೆ ತಂದ ಚಲನಚಿತ್ರವೊಂದು ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯ ಸಂಕಟವನ್ನು ಇದ್ದಹಾಗೆ ತೋರಿಸಿತು. ಅಗಲಿದ ಮಗು ಮೊದಲು ಪ್ರತಿಭಟಿಸುತ್ತದೆ, ಅನಂತರ ಹತಾಶೆಯಲ್ಲಿ ಮುಳುಗುತ್ತದೆ, ಕಡೆಗೆ ತಾಯಿಯೇ ಬಂದರೂ ಬೇಡವೆಂಬಂತೆ ನಿರ್ಲಿಪ್ತವಾಗುತ್ತದೆ. ಈ ನಿರ್ಲಿಪ್ತತೆಯನ್ನೇ ಹಿಂದಿನವರು ಮಗು ಆಸ್ಪತ್ರೆಗೆ ಹೊಂದಿಕೊಂಡಿತೆಂದು ಸಂತೋಷಪಟ್ಟು ಬರೆದಿಡುತ್ತಿದ್ದರು.

ಹಾಲೂಡುವವಳೆಂಬ ಕಾರಣಕ್ಕೆ ಮಗುವು ತಾಯಿಯನ್ನು ಪ್ರೀತಿಸುತ್ತದೆಂಬ ಹಳೆಯ ನಂಬಿಕೆಗೆ ಪೆಟ್ಟು ಕೊಟ್ಟವನು ಅಮೆರಿಕದ ಹ್ಯಾರಿ ಹಾರ್ಲೋ. ಕೋತಿಮರಿಗಳಿಗೆ ತಂತಿಯ ತಾಯಿಯೊಂದನ್ನೂ ಬಟ್ಟೆ ಹೊದಿಸಿದ ತಾಯಿಯೊಂದನ್ನೂ ಮಾಡಿಟ್ಟಾಗ, ಹಾಲು ತಂತಿಯ ತಾಯಿಯಲ್ಲಿಯೇ ಇದ್ದರೂ ಮರಿಗಳು ದಿನದ ಬಹುಭಾಗವನ್ನು ಬಟ್ಟೆಯ ತಾಯಿಯನ್ನು ಅಪ್ಪಿಕೊಂಡೇ ಕಳೆಯುತ್ತಿದ್ದವೆಂದು 1958ರಲ್ಲಿ ಆತನು ಲೋಕಕ್ಕೆ ತಿಳಿಸಿದನು. ಇಂಥ ಸಾಮಗ್ರಿಯನ್ನೆಲ್ಲ ಅರಗಿಸಿಕೊಂಡು ಬೌಲ್ಬಿ 1969, 1973, 1980ರಲ್ಲಿ ಮೂರು ಸಂಪುಟಗಳ ಮಹಾಗ್ರಂಥವನ್ನು ಹೊರತಂದನು. ತಾನು ಪ್ರೀತಿಗೆ ಅರ್ಹನೋ, ಪರರು ನಂಬಿಕೆಗೆ ಅರ್ಹರೋ ಎಂಬ ಎರಡು ಪ್ರಶ್ನೆಗಳಿಗೆ ಮಗುವು ತನ್ನ ಮನಸ್ಸಿನಲ್ಲಿ ಬರೆದುಕೊಳ್ಳುವ ಉತ್ತರಗಳು ಅಂತರಂಗದ ಮಾದರಿಯಾಗಿ ನಿಂತು ಮುಂದಿನ ಸಂಬಂಧಗಳಿಗೆ ಅಳತೆಗೋಲಾಗುತ್ತವೆಂಬುದು ಆ ಗ್ರಂಥದ ತಿರುಳು.

ಈ ತಿರುಳನ್ನು ಪರೀಕ್ಷೆಗೆ ಒಡ್ಡಿದ ಕೀರ್ತಿ ಮೇರಿ ಏನ್ಸ್‌ವರ್ತ್‌ಳದು (1913-1999). ಈಕೆಯ ಮೊದಲ ಅವಲೋಕನಗಳು ನಡೆದದ್ದು ಪಾಶ್ಚಾತ್ಯ ಪ್ರಯೋಗಶಾಲೆಯಲ್ಲಿ ಅಲ್ಲ, ಆಫ್ರಿಕದ ಉಗಾಂಡದ ಹಳ್ಳಿಮನೆಗಳಲ್ಲಿ, 1954-55ರಲ್ಲಿ ಎಂಬುದನ್ನು ಸಿದ್ಧಾಂತದ ಖಂಡನೆಗೆ ತೊಡಗುವವರು ಮರೆಯುವುದುಂಟು. ಅನಂತರ ಅಮೆರಿಕದ ಬಾಲ್ಟಿಮೋರಿನಲ್ಲಿ ಈಕೆಯು ರೂಪಿಸಿದ ಅಪರಿಚಿತ ಸನ್ನಿವೇಶವೆಂಬ ಪರೀಕ್ಷೆಯು ಸುಮಾರು ಇಪ್ಪತ್ತು ನಿಮಿಷಗಳದು. ವರ್ಷ ತುಂಬಿದ ಮಗುವನ್ನು ಆಟಿಕೆಗಳಿರುವ ಹೊಸ ಕೋಣೆಗೆ ತಾಯಿಯೊಡನೆ ಕರೆತಂದು, ಅಪರಿಚಿತಳೊಬ್ಬಳನ್ನು ಒಳಗೆ ಕಳುಹಿಸಿ, ತಾಯಿಯನ್ನು ಎರಡು ಸಲ ಹೊರಕ್ಕೆ ಹೋಗಿ ಬರಗೊಡುತ್ತಾರೆ. ನೋಡತಕ್ಕದ್ದು ಮಗು ಅತ್ತಿತೋ ಇಲ್ಲವೋ ಎಂಬುದನ್ನಲ್ಲ, ತಾಯಿ ಮರಳಿದಾಗ ಅದು ಏನು ಮಾಡಿತೆಂಬುದನ್ನು. ಭದ್ರವಾದ ಮಗು ತಾಯಿಯ ತೆಕ್ಕೆಯಲ್ಲಿ ಬೇಗನೆ ಸಮಾಧಾನಗೊಂಡು ಆಟಕ್ಕೆ ಮರಳುತ್ತದೆ. ಆತಂಕಯುಕ್ತ ಮಗು ಎತ್ತಿಕೊಳ್ಳೆಂದು ಕೈಚಾಚಿ, ಎತ್ತಿಕೊಂಡಾಗ ಒದ್ದಾಡಿ, ಇಳಿಸಿದರೆ ಮತ್ತೆ ಅತ್ತು, ಯಾವುದರಿಂದಲೂ ತಣಿಯದು. ವಿಮುಖವೆನಿಸುವ ಮಗುವಾದರೋ ತಾಯಿ ಬಂದದ್ದನ್ನು ಗಮನಿಸದಂತೆ ಆಟಿಕೆಯಲ್ಲಿಯೇ ಮುಖವಿಟ್ಟಿರುತ್ತದೆ. ಹೊರಗೆ ಶಾಂತವಾಗಿ ತೋರುವ ಇದರ ಎದೆಬಡಿತವನ್ನು ಅಳೆದು ನೋಡಿದವರು ಒಳಗೆ ಉದ್ವೇಗವು ತುಂಬಿರುವುದನ್ನು ಕಂಡಿದ್ದಾರೆ. ಈ ಮೂರರಲ್ಲಿ ಯಾವುದಕ್ಕೂ ಸೇರದೆ, ತಾಯಿಯತ್ತ ಹೊರಟು ನಡುವೆ ಸ್ತಬ್ಧವಾಗುವ, ಬೆನ್ನು ತಿರುಗಿಸಿಕೊಂಡೇ ಸಮೀಪಿಸುವ ಮಕ್ಕಳನ್ನು ಮೇರಿ ಮೇನ್ ಮತ್ತು ಜೂಡಿತ್ ಸಾಲೊಮನ್ 1980ರ ದಶಕದಲ್ಲಿ ಅಸ್ತವ್ಯಸ್ತ ಅನುಬಂಧವೆಂಬ ನಾಲ್ಕನೆಯ ವರ್ಗದಲ್ಲಿ ಇರಿಸಿದರು. ಎಂಟು ದೇಶಗಳ 32 ಅಧ್ಯಯನಗಳನ್ನು 1988ರಲ್ಲಿ ಒಟ್ಟುಗೂಡಿಸಿದಾಗ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಭದ್ರವರ್ಗಕ್ಕೆ ಸೇರಿದವೆಂದೂ, ದೇಶದೇಶಗಳ ನಡುವಣ ಅಂತರಕ್ಕಿಂತ ಒಂದೇ ದೇಶದೊಳಗಿನ ಅಂತರವೇ ಹೆಚ್ಚೆಂದೂ ತಿಳಿದುಬಂದಿತು.

ಪ್ರಾಯಪ್ರಬುದ್ಧರಲ್ಲಿ

ಶಿಶುವಿನ ಅನುಬಂಧದಿಂದ ದಾಂಪತ್ಯಕ್ಕೆ ಸೇತುವೆ ಕಟ್ಟಿದವರು ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್. ಅಮೆರಿಕದ ಕೊಲೊರಾಡೊ ರಾಜ್ಯದ ದಿನಪತ್ರಿಕೆಯೊಂದರಲ್ಲಿ ಪ್ರೇಮವನ್ನು ಕುರಿತ ಪ್ರಶ್ನಾವಳಿಯನ್ನು ಅಚ್ಚುಮಾಡಿಸಿ, ಓದುಗರಿಂದ ಬಂದ ಉತ್ತರಗಳನ್ನು ಆಧರಿಸಿ 1987ರಲ್ಲಿ ಇವರು ಪ್ರಕಟಿಸಿದ ಲೇಖನದ ಪ್ರಕಾರ, ತಮ್ಮನ್ನು ಭದ್ರರೆಂದು ಗುರುತಿಸಿಕೊಂಡವರು ನೂರಕ್ಕೆ 56, ವಿಮುಖರು 25, ಆತಂಕಯುಕ್ತರು 19. ಪತ್ರಿಕೆಯ ಓದುಗರು ಒಂದು ಕಂಡಿಕೆಯನ್ನು ಓದಿ ಗುರುತುಹಾಕಿದ ಉತ್ತರವು ಶಾಸ್ತ್ರೀಯ ಪ್ರಮಾಣವಾಗುವುದೇ ಎಂಬ ಆಕ್ಷೇಪವು ನ್ಯಾಯವಾದದ್ದೇ. ಆದರೂ ಶಿಶುಗಳ ಪ್ರಮಾಣಕ್ಕೂ ಇದಕ್ಕೂ ಇದ್ದ ಸಾಮೀಪ್ಯವು ವಿದ್ವಾಂಸರ ಕುತೂಹಲವನ್ನು ಕೆರಳಿಸಿತು. 1991ರಲ್ಲಿ ಕಿಮ್ ಬಾರ್ತಲೊಮ್ಯೂ ಮತ್ತು ಲಿಯೊನಾರ್ಡ್ ಹೊರೊವಿಟ್ಜ್ ವಿಮುಖರಲ್ಲಿ ಎರಡು ಬಗೆಯನ್ನು ಬೇರ್ಪಡಿಸಿದರು: ಯಾರ ಹಂಗೂ ಬೇಡವೆಂದು ಸ್ವಾವಲಂಬನೆಯನ್ನೇ ವ್ರತವಾಗಿಸಿಕೊಂಡ ಉಪೇಕ್ಷಕರು, ಸಾಮೀಪ್ಯವನ್ನು ಬಯಸಿಯೂ ನೋವಿಗಂಜಿ ಹಿಂಜರಿಯುವ ಭೀತರು. ಈಗ ಈ ವರ್ಗಗಳಿಗಿಂತ, ಪರಿತ್ಯಾಗದ ಭಯವೆಷ್ಟು, ಸಾಮೀಪ್ಯದ ಜುಗುಪ್ಸೆಯೆಷ್ಟು ಎಂಬ ಎರಡು ಮಾನಗಳಲ್ಲಿ ವ್ಯಕ್ತಿಯ ಸ್ಥಾನವನ್ನು ಗುರುತಿಸುವುದೇ ಹೆಚ್ಚು ಪ್ರಚಲಿತವಾಗಿದೆ.

ಆತಂಕಯುಕ್ತ ಅನುಬಂಧವುಳ್ಳವರ ಮನಸ್ಸು ಸಂಗಾತಿಯ ಮುಖಭಾವದಲ್ಲಿ, ಧ್ವನಿಯ ಏರಿಳಿತದಲ್ಲಿ, ಬರಬೇಕಾದ ಉತ್ತರವು ತಡವಾದದ್ದರಲ್ಲಿ ಪರಿತ್ಯಾಗದ ಮುನ್ಸೂಚನೆಯನ್ನು ಹುಡುಕುತ್ತಲೇ ಇರುತ್ತದೆ. ಭರವಸೆಯ ಮಾತು ಸಿಕ್ಕಿದರೂ ಅದು ಸಂಜೆಯವರೆಗೆ ಉಳಿಯುವುದಿಲ್ಲ, ಮರುದಿನ ಮತ್ತೆ ಕೇಳಬೇಕಾಗುತ್ತದೆ. ಕೇಳಿ ಕೇಳಿ ಬೇಸರಗೊಂಡ ಸಂಗಾತಿಯು ದೂರ ಸರಿದಾಗ, ನೋಡಿದಿರಾ, ನನಗೆ ಮೊದಲೇ ಗೊತ್ತಿತ್ತು ಎಂದು ಆ ಭಯವೇ ತನ್ನನ್ನು ಸಮರ್ಥಿಸಿಕೊಳ್ಳುತ್ತದೆ. ವಿಮುಖರ ಮಾರ್ಗ ಇದಕ್ಕೆ ವಿಪರೀತವಾದದ್ದು. ಇವರು ಕಷ್ಟದ ದಿನಗಳಲ್ಲಿಯೇ ಮೌನಿಗಳಾಗುತ್ತಾರೆ, ಹೆಂಡತಿಯ ಕಣ್ಣೀರನ್ನು ಕಂಡರೆ ಕನಿಕರಕ್ಕೆ ಮೊದಲು ಇವರಿಗೆ ಉಸಿರುಕಟ್ಟುತ್ತದೆ, ಮನೆಯವರಿಗೆ ಬೇಕಾದ್ದನ್ನೆಲ್ಲ ತಂದುಹಾಕಿದ ಮೇಲೂ ಇನ್ನೇನು ಬೇಕೆಂಬ ಪ್ರಶ್ನೆ ಇವರದು. ಜೆಫ್ರಿ ಸಿಂಪ್ಸನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಭಯಹುಟ್ಟಿಸುವ ಪರೀಕ್ಷೆಗಾಗಿ ಕಾದು ಕುಳಿತ ತರುಣಿಯರ ಪೈಕಿ ಭದ್ರರು ಭಯ ಹೆಚ್ಚಿದಷ್ಟೂ ಗೆಳೆಯನ ಆಸರೆಯನ್ನು ಅರಸಿದರೆ, ವಿಮುಖರು ಭಯ ಹೆಚ್ಚಿದಷ್ಟೂ ಅವನಿಂದ ದೂರ ಸರಿದರು. ಸಹಜಸ್ಥಿತಿಯಲ್ಲಿ ಯಾರಿಗೂ ಕಾಣದ ಅಭದ್ರತೆಯು ಸಂಕಟಕಾಲದಲ್ಲಿ ಪ್ರಕಟವಾಗುವುದೆಂಬ ಮಾತಿಗೆ ಇದು ಒಳ್ಳೆಯ ನಿದರ್ಶನ.

ಆತಂಕಯುಕ್ತಳಾದ ಹೆಣ್ಣು, ವಿಮುಖನಾದ ಗಂಡು ಕೂಡಿದ ಜೋಡಿಗಳು ಅತೃಪ್ತವಾಗಿದ್ದೂ ಒಡೆಯದೆ ಉಳಿಯುವುದುಂಟೆಂದು 1994ರಲ್ಲಿ ಲೀ ಕರ್ಕ್‌ಪ್ಯಾಟ್ರಿಕ್ ಮತ್ತು ಕೀತ್ ಡೇವಿಸ್ ತೋರಿಸಿದರು. ಹೆಣ್ಣು ಬೆನ್ನಟ್ಟುವವಳು, ಗಂಡು ತಪ್ಪಿಸಿಕೊಳ್ಳುವವನು ಎಂಬ ಲೋಕರೂಢಿಯ ಚಿತ್ರಕ್ಕೆ ಈ ಜೋಡಿ ಹೊಂದುವುದರಿಂದ, ದಂಪತಿಗಳಿಗೆ ತಮ್ಮ ದುಃಖವೇ ಸಂಸಾರದ ಸ್ವಭಾವವೆಂದು ತೋರುತ್ತಿರಬಹುದು. ಬಹುಕಾಲ ಬಾಳಿದ್ದರಿಂದಲೇ ದಾಂಪತ್ಯವು ಭದ್ರವಾಗಿತ್ತೆಂದು ತೀರ್ಮಾನಿಸುವ ನಮ್ಮ ಹಿರಿಯರ ಅಭ್ಯಾಸವನ್ನು ಈ ಸಂಶೋಧನೆಯು ಸ್ವಲ್ಪ ಅಲುಗಿಸುತ್ತದೆ.

ಅಳಿಯಕಟ್ಟಿನ ಮನೆಯಲ್ಲಿ ಮಗು

ತುಳುನಾಡಿನ ಬಂಟರು, ಬಿಲ್ಲವರು, ಮೂಡುಬಿದಿರೆಯ ಕಡೆಯ ಜೈನರಲ್ಲಿ ಅನೇಕರು ಮತ್ತು ಇತರ ಹಲವು ಸಮುದಾಯಗಳವರು ಅನುಸರಿಸಿದ ಅಳಿಯಸಂತಾನ ಅಥವಾ ಅಳಿಯಕಟ್ಟಿನಲ್ಲಿ ವಂಶವೂ ಆಸ್ತಿಯೂ ಹೆಣ್ಣಿನ ಮೂಲಕ ಇಳಿದುಬರುತ್ತವೆ. ಇದರ ಹುಟ್ಟನ್ನು ಹೇಳುವ ಐತಿಹ್ಯವೇ ಪ್ರಕೃತ ವಿಷಯಕ್ಕೆ ಮನಮುಟ್ಟುವಂಥದು. ಅರಸನೊಬ್ಬನ ಹಡಗು ತೇಲಬೇಕಾದರೆ ನರಬಲಿ ಬೇಕೆಂದು ಕುಂಡೋದರನೆಂಬ ಭೂತವು ಕೇಳಿದಾಗ ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲವಂತೆ. ಅರಸನ ತಂಗಿ ತನ್ನ ಮಗನನ್ನು ಒಪ್ಪಿಸಿದಳಂತೆ. ಪ್ರಸನ್ನವಾದ ಭೂತವು ಆ ಸೋದರಳಿಯನಿಗೇ ಪಟ್ಟಕಟ್ಟಿಸಿ ಭೂತಾಳಪಾಂಡ್ಯನೆಂಬ ಹೆಸರಿಡಿಸಿತು. ಅಂದಿನಿಂದ ಆಸ್ತಿ ಅಳಿಯನದಾಯಿತು. ಚರಿತ್ರೆಯಾಗಿ ಈ ಕಥೆಗೆ ಬೆಲೆಯಿಲ್ಲದಿರಬಹುದು. ಗಂಡಹೆಂಡಿರ ನಂಟಿಗಿಂತ ಅಣ್ಣತಂಗಿಯರ ನಂಟನ್ನು ನೆಚ್ಚತಕ್ಕದ್ದೆಂದು ಒಂದು ಸಮಾಜವು ತನಗೆ ತಾನೇ ಹೇಳಿಕೊಂಡ ಮಾತಾಗಿ ಇದಕ್ಕೆ ಬೆಲೆಯುಂಟು. ಮಗನನ್ನು ಕೊಡಲೊಲ್ಲದ ಆ ರಾಣಿಯನ್ನು ಕಥೆಯು ಕೀಳಾಗಿಸುವುದನ್ನು ಮಾತ್ರ ಯಾವ ತಾಯಿಯೂ ಮೆಚ್ಚಲಾರಳು.

ಈ ಕಟ್ಟಿನ ಮನೆಯಲ್ಲಿ ಮಗುವು ಹುಟ್ಟುವುದು, ಬೆಳೆಯುವುದು ತಾಯಿಯ ಕಡೆಯ ಮೂಲಮನೆಯಾದ ತರವಾಡಿನಲ್ಲಿ. ಅಜ್ಜಿ, ತಾಯಿಯ ಅಕ್ಕತಂಗಿಯರು, ಅವರ ಮಕ್ಕಳು, ಮೇಲೆ ಯಜಮಾನನಾದ ಸೋದರಮಾವ. ತುಳುವಿನ ತಮ್ಮಲೆಯೆಂಬ ಈ ಮಾವನೇ ಅನ್ನಕ್ಕೂ ಶಿಕ್ಷೆಗೂ ಒಡೆಯ. ತಂದೆಯು ಪ್ರೀತಿಪಾತ್ರನಾದರೂ ಬೇರೊಂದು ಕುಟುಂಬದವನು. ಹೆಣ್ಣು ಗಂಡನ ಮನೆಯಲ್ಲಿ ವಾಸಿಸುವ ರೂಢಿಯು ಕಾಲಕ್ರಮದಲ್ಲಿ ಬೆಳೆದ ಮೇಲೂ ತವರಿನ ಮೇಲೆ ಅವಳಿಗಿದ್ದದ್ದು ದಾಕ್ಷಿಣ್ಯದ ಸಲುಗೆಯಲ್ಲ, ಹಕ್ಕು. ಹೆರಿಗೆಗೂ ಕಾಯಿಲೆಗೂ ಮನಸ್ತಾಪಕ್ಕೂ ಅವಳು ಅಲ್ಲಿಗೆ ಮರಳಬಹುದಾಗಿತ್ತು. ಕನ್ಯೆಯ ವಿವಾಹಕ್ಕೆ ಕೈಧಾರೆಯೆಂದೂ ವಿಧವೆಯ ವಿವಾಹಕ್ಕೆ ಬುಡುಧಾರೆಯೆಂದೂ ಬಂಟರಲ್ಲಿ ಬೇರೆಬೇರೆ ಕ್ರಮಗಳಿದ್ದುದರಿಂದ, ಒಂದು ದಾಂಪತ್ಯವು ಮುಗಿದ ಹೆಣ್ಣಿಗೆ ಬಾಳೇ ಮುಗಿಯಿತೆಂಬ ತೀರ್ಪು ಇರಲಿಲ್ಲ. ತಂದೆಯ ಆಸ್ತಿ ಮಕ್ಕಳಿಗೆ ಇಳಿಯುವ ಮಕ್ಕಳಕಟ್ಟನ್ನು ಅನುಸರಿಸಿದ ಇದೇ ಸೀಮೆಯ ಬ್ರಾಹ್ಮಣಮನೆಗಳಲ್ಲಿ, ಎಳವೆಯಲ್ಲಿಯೇ ಧಾರೆಯೆರೆಸಿಕೊಂಡು ಅತ್ತೆಯ ಮನೆ ಸೇರಿದ ಹುಡುಗಿಗೆ ಹಿಂದಿರುಗುವ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತಿದ್ದುದನ್ನು ಇದರೊಡನೆ ಹೋಲಿಸಿ ನೋಡಬೇಕು. ಒಂದೇ ಊರಿನ ಎರಡು ಮನೆಗಳಲ್ಲಿ ಗಂಡನು ಮುನಿದನೆಂಬ ಒಂದೇ ಸಂಗತಿಯು ಒಬ್ಬಳಿಗೆ ಮನಸ್ತಾಪವೂ ಇನ್ನೊಬ್ಬಳಿಗೆ ಸರ್ವನಾಶವೂ ಆಗಿ ತೋರುತ್ತಿತ್ತೆಂದರೆ, ಪರಿತ್ಯಾಗಭೀತಿಯನ್ನು ಅವರ ಶೈಶವದಲ್ಲಿ ಮಾತ್ರ ಹುಡುಕುವುದು ಸರಿಯಾಗಲಾರದು. ಜಮೀನಿನ ದಸ್ತಾವೇಜಿನಲ್ಲಿಯೂ ಹುಡುಕಬೇಕಾಗುತ್ತದೆ.

ಅನೇಕರ ಮಡಿಲಿನಲ್ಲಿ ಬೆಳೆದ ಮಗುವಿಗೆ ಅನುಬಂಧವು ಸಡಿಲವಾಗುವುದೆಂಬ ಭಯವು ಆಧಾರವಿಲ್ಲದ್ದು. ಹಲವರು ಎತ್ತಿ ಆಡಿಸುವ ಮನೆಗಳಲ್ಲಿಯೂ ಮಗುವು ಒಬ್ಬರಿಬ್ಬರನ್ನು ವಿಶೇಷವಾಗಿ ಆರಿಸಿಕೊಳ್ಳುವುದನ್ನು ಏನ್ಸ್‌ವರ್ತ್ ಉಗಾಂಡದಲ್ಲಿಯೇ ಕಂಡಿದ್ದಳು. ಭುವನೇಶ್ವರದ ಕುಟುಂಬಗಳನ್ನು ದಶಕಗಳ ಕಾಲ ಅವಲೋಕಿಸಿದ ಸೂಸನ್ ಸೆಮೂರ್ 1999ರ ತನ್ನ ಗ್ರಂಥದಲ್ಲಿ ಇಂಥ ಬಹುಮಾತೃತ್ವವನ್ನು ವಿವರವಾಗಿ ಚಿತ್ರಿಸಿದ್ದಾಳೆ. ಭಾರತೀಯ ಬಾಲ್ಯವನ್ನು ಕುರಿತು 1978ರಲ್ಲಿ ಬರೆದ ಸುಧೀರ್ ಕಕ್ಕರರು, ಗಂಡುಮಗುವು ತಾಯಿಯ ಅಪಾರ ಲಾಲನೆಯಿಂದ ಐದರ ಹೊತ್ತಿಗೆ ಗಂಡಸರ ಶಿಸ್ತಿನ ಲೋಕಕ್ಕೆ ಹಠಾತ್ತಾಗಿ ದಾಟಬೇಕಾಗುವುದನ್ನು ಎರಡನೆಯ ಹುಟ್ಟೆಂದು ಕರೆದರು. ತಂದೆಯ ಸ್ಥಾನದಲ್ಲಿ ಮಾವನೇ ನಿಂತಿದ್ದ ತುಳುವ ಮನೆಯಲ್ಲಿ ಈ ದಾಟುವಿಕೆಗೆ ಬೇರೆ ಬಣ್ಣವಿತ್ತು. ದಂಡಿಸುವ ಮಾವನೊಬ್ಬ, ಮುದ್ದಿಸುವ ತಂದೆಯೊಬ್ಬನೆಂದು ಅಧಿಕಾರವೂ ಅಕ್ಕರೆಯೂ ಇಬ್ಬರಲ್ಲಿ ಹಂಚಿಹೋಗಿದ್ದವು. ಹಾಗೆಂದು ಆ ಮನೆಯನ್ನು ಸ್ವರ್ಗವೆಂದು ಬಣ್ಣಿಸತಕ್ಕದ್ದಿಲ್ಲ. ಯಜಮಾನನ ಪಕ್ಷಪಾತ, ಅಕ್ಕತಂಗಿಯರ ಸಂತತಿಗಳಾದ ಕವರುಗಳ ನಡುವಣ ಮತ್ಸರ, ತಂದೆಯಿದ್ದೂ ಇಲ್ಲದ ಮಕ್ಕಳ ಕೊರಗು ಅಲ್ಲಿ ಸಾಕಷ್ಟಿದ್ದವು.

ಸಿರಿಯ ಪಾಡ್ದನ

ದಾಂಪತ್ಯದ ಅಭದ್ರತೆಯನ್ನು ಕುರಿತು ಈ ಸೀಮೆಯು ಮನಶ್ಶಾಸ್ತ್ರಜ್ಞರ ಬರವಿಗಾಗಿ ಕಾದು ಕುಳಿತಿರಲಿಲ್ಲ. ಬೆಳ್ತಂಗಡಿ ತಾಲೂಕಿನ ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ದಿನಗಟ್ಟಲೆ ಹಾಡಿದ, ಪಾಡ್ದನವೆಂಬ ತುಳು ಕಥನಗೀತದ ರೂಪದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ಪತ್ನಿ ಆನೆಲಿ ಹಾಂಕೊ, ನಮ್ಮವರೇ ಆದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಕೂಡಿ ದಾಖಲಿಸಿದರು. 15,683 ಸಾಲುಗಳ ಈ ಕಾವ್ಯವು 1998ರಲ್ಲಿ ಹೆಲ್ಸಿಂಕಿಯಿಂದ ಮುದ್ರಣಗೊಂಡಿತು. ಮಕ್ಕಳಿಲ್ಲದ ವೃದ್ಧನೊಬ್ಬನಿಗೆ ದೈವಕೃಪೆಯಿಂದ ದೊರೆತ ಸಿರಿಯನ್ನು ಬಸ್ರೂರಿನ ಕಾಂತು ಪೂಂಜನಿಗೆ ಮದುವೆಮಾಡಿ ಕೊಡುತ್ತಾರೆ. ಬಸುರಿಯ ಬಯಕೆಗೆಂದು ತಂದ ಸೀರೆಯನ್ನು ಗಂಡನು ಮೊದಲು ತನ್ನ ಸೂಳೆಯಾದ ಸಿದ್ದುವಿಗೆ ಉಡಿಸಿದನೆಂದು ತಿಳಿದ ಸಿರಿ, ತುಂಬಿದ ಸಭೆಯಲ್ಲಿ ಆ ಸೀರೆಯನ್ನು ನಿರಾಕರಿಸುತ್ತಾಳೆ. ಮುಂದೆ ತವರನ್ನೂ ಕಳೆದುಕೊಂಡು, ಗಂಡನೊಡನೆ ಸಂಬಂಧವನ್ನು ಕ್ರಮವಾಗಿ ಕಡಿದುಕೊಂಡು, ಹಸುಗೂಸು ಕುಮಾರನನ್ನೂ ಊಳಿಗದ ದಾರುವನ್ನೂ ಕರೆದುಕೊಂಡು ಹೊರಡುತ್ತಾಳೆ. ದಾರಿಯಲ್ಲಿ ಅವರನ್ನೂ ಅಗಲಿ, ಕೊಡ್ಸರ ಆಳ್ವನನ್ನು ಎರಡನೆಯ ಮದುವೆಯಾಗಿ, ಮಗಳು ಸೊನ್ನೆಯನ್ನು ಹೆತ್ತು ಮರೆಯಾಗುತ್ತಾಳೆ. ತಾಯಿಯಿಲ್ಲದೆ ಪರರ ಮನೆಯಲ್ಲಿ ಬೆಳೆದ ಸೊನ್ನೆಗೆ ಅಬ್ಬಗ, ದಾರಗರೆಂಬ ಅವಳಿಗಳು ಹುಟ್ಟುತ್ತಾರೆ. ಚೆನ್ನೆಯಾಟದ ಜಗಳದಲ್ಲಿ ಅಬ್ಬಗ ತಂಗಿಯನ್ನು ಚೆನ್ನೆಮಣೆಯಿಂದ ಹೊಡೆದು ಕೊಂದು, ತಾನೂ ಬಾವಿಗೆ ಹಾರುತ್ತಾಳೆ. ಹಾಡುವವರಿಂದ ಹಾಡುವವರಿಗೆ ವಿವರಗಳು ಬದಲಾಗುವುದುಂಟು.

ದೈವಗಳ ಕಥೆಯನ್ನು ರೋಗಿಯ ಪೂರ್ವವೃತ್ತಾಂತದಂತೆ ಓದುವುದು ಅರಸಿಕತೆಯಾದೀತು. ಆದರೂ ಮುರಿದ ನಂಬಿಕೆಯ ಪರಿಣಾಮವು ಮೂರು ತಲೆಮಾರುಗಳಲ್ಲಿ ಇಳಿಯುವುದನ್ನು ಈ ಕಾವ್ಯವು ಕಂಡಿದೆಯೆಂದು ಒಪ್ಪಲೇಬೇಕು. 1991ರಲ್ಲಿ ಲಂಡನ್ನಿನ ಪೀಟರ್ ಫೊನಾಗಿ ಮತ್ತು ಸಂಗಡಿಗರು, ಬಸುರಿಯರು ತಮ್ಮ ಬಾಲ್ಯವನ್ನು ಹೇಳಿಕೊಳ್ಳುವ ರೀತಿಯಿಂದಲೇ, ಇನ್ನೂ ಹುಟ್ಟದ ಮಗುವು ವರ್ಷ ತುಂಬಿದಾಗ ಭದ್ರವೋ ಅಭದ್ರವೋ ಎಂಬುದನ್ನು ನಾಲ್ಕರಲ್ಲಿ ಮೂರು ಸಲದಷ್ಟು ಸರಿಯಾಗಿ ಊಹಿಸಬಹುದೆಂದು ತೋರಿಸಿದರಷ್ಟೆ. ತಾಯಿಗೆ ಬಾಲ್ಯದಲ್ಲಿ ಏನಾಯಿತೆಂಬುದಕ್ಕಿಂತ ಅದನ್ನು ಅವಳು ಸುಸಂಗತವಾಗಿ ಹೇಳಬಲ್ಲಳೋ ಎಂಬುದೇ ಅಲ್ಲಿ ಮುಖ್ಯವಾಗಿತ್ತು.

ಹೇಳುವುದಕ್ಕೆ ಒಂದು ನೆಲೆಯನ್ನು ಒದಗಿಸುವುದೇ ಸಿರಿಜಾತ್ರೆಯ ವಿಶೇಷ. ಹಿರಿಯಡ್ಕ, ಕವತ್ತಾರು, ನಂದಳಿಕೆ ಮೊದಲಾದೆಡೆಗಳ ಆಲಡೆಗಳೆಂಬ ದೈವಸ್ಥಾನಗಳಲ್ಲಿ ಹುಣ್ಣಿಮೆಯ ರಾತ್ರಿ ಹೆಂಗಸರು ಪಿಂಗಾರವೆಂಬ ಅಡಕೆಯ ಹೂಗೊನೆಯನ್ನು ಹಿಡಿದು ಸಾಲಾಗಿ ನಿಂತಾಗ ಅವರ ಮೈಮೇಲೆ ಸಿರಿ, ಸೊನ್ನೆ, ಅಬ್ಬಗ, ದಾರಗರು ಬರುತ್ತಾರೆ. ಕುಮಾರನ ಆವೇಶದಲ್ಲಿರುವ ಪುರುಷಪಾತ್ರಿಯು ಒಬ್ಬೊಬ್ಬಳನ್ನೂ ಮಾತಾಡಿಸುತ್ತಾನೆ. ಹೊಸದಾಗಿ ಆವೇಶಗೊಂಡವಳು ಬಾಯಿಬಿಡಲು ಹೆಣಗುತ್ತಾಳೆ. ಅವಳ ಗಂಡ, ಅಣ್ಣತಮ್ಮಂದಿರು, ಅತ್ತೆ ಪಕ್ಕದಲ್ಲಿಯೇ ನಿಂತು ಉತ್ತರಿಸಬೇಕಾಗುತ್ತದೆ. ಇದನ್ನು 1970ರ ದಶಕದಿಂದ ಅಧ್ಯಯನ ಮಾಡಿದ ಅಮೆರಿಕದ ಪೀಟರ್ ಕ್ಲಾಸ್ ಮತ್ತು ಬಳಿಕ ಬಂದವರು, ಸಂಸಾರದ ಒತ್ತಡಗಳಿಗೂ ಈ ಆವೇಶಕ್ಕೂ ಇರುವ ನಂಟನ್ನು ಗುರುತಿಸಿದ್ದಾರೆ. ಮನೆಯೊಳಗೆ ಹೇಳಲಾಗದ ಪರಿತ್ಯಾಗಭೀತಿಯು ಅಲ್ಲಿ ದೈವದ ದನಿಯಾಗುತ್ತದೆ, ಮತ್ತು ಮುಂದಿನ ವರ್ಷಗಳಲ್ಲಿ ಅವಳಿಗೆ ದಳ್ಯವೆಂಬ ಸಿರಿಗಳ ಗುಂಪಿನಲ್ಲಿ ಸ್ಥಾನವಿರುತ್ತದೆ. ಇದನ್ನು ಮೌಢ್ಯವೆಂದು ತಳ್ಳಿಹಾಕುವವರು, ಗಂಡನನ್ನೂ ಅತ್ತೆಯನ್ನೂ ಒಟ್ಟಿಗೆ ನಿಲ್ಲಿಸಿ ಹೆಣ್ಣಿನ ಮಾತನ್ನು ಕೇಳಿಸುವ ಬೇರೆ ಎಷ್ಟು ಸ್ಥಳಗಳನ್ನು ಕಟ್ಟಿಕೊಟ್ಟಿದ್ದೇವೆಂದು ಯೋಚಿಸುವುದೊಳ್ಳೆಯದು. ಆದರೆ ತೀವ್ರವಾದ ಖಿನ್ನತೆಗೂ ಚಿತ್ತವಿಕಾರಕ್ಕೂ ಜಾತ್ರೆಯೇ ಸಾಕೆಂದು ಕಾಲಹರಣ ಮಾಡತಕ್ಕದ್ದಲ್ಲ.

ಬದಲಾದ ಮನೆ

1949ರ ಮದರಾಸು ಅಳಿಯಸಂತಾನ ಕಾಯಿದೆಯು ಕುಟುಂಬದ ಆಸ್ತಿಯನ್ನು ಕವರುಗಳಿಗೆ ಪಾಲುಮಾಡಿಕೊಡುವ ದಾರಿಯನ್ನು ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಬಳಿಕ ವ್ಯಕ್ತಿಯ ಪಾಲು ಅವನ ಮಕ್ಕಳಿಗೆ ಇಳಿಯತೊಡಗಿತು. 1974ರ ಭೂಸುಧಾರಣೆಯು ಗೇಣಿಯ ಉತ್ಪನ್ನವನ್ನು ನಂಬಿದ್ದ ದೊಡ್ಡ ಮನೆಗಳನ್ನು ಕರಗಿಸಿತು. ಇದಕ್ಕೂ ಮುಂಚಿನಿಂದಲೇ ಈ ಸೀಮೆಯ ಹುಡುಗರು ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆಯಲು ಎಳೆಯ ಪ್ರಾಯದಲ್ಲಿಯೇ ಹೋಗುತ್ತಿದ್ದರು. 1970ರ ದಶಕದಿಂದ ಗಲ್ಫ್ ದೇಶಗಳ ದಾರಿ ತೆರೆದ ಮೇಲೆ ಬಂಟವಾಳ, ಬೆಳ್ತಂಗಡಿಗಳ ಬ್ಯಾರಿ ಮುಸ್ಲಿಮರ ಮನೆಗಳಲ್ಲಿಯೂ ಇತರರ ಮನೆಗಳಲ್ಲಿಯೂ ಗಂಡನು ವರ್ಷಗಟ್ಟಲೆ ದೂರವಿದ್ದು ಕೆಲವು ವಾರಗಳ ರಜೆಯಲ್ಲಿ ಬರುವ ದಾಂಪತ್ಯವು ಸಾಮಾನ್ಯವಾಯಿತು. ಅಮೆರಿಕದ ವಿಮಾನನಿಲ್ದಾಣವೊಂದರಲ್ಲಿ 109 ಜೋಡಿಗಳನ್ನು ಗಮನಿಸಿ ಕ್ರಿಸ್ ಫ್ರೇಲಿ ಮತ್ತು ಶೇವರ್ 1998ರಲ್ಲಿ ಬರೆದ ಲೇಖನವುಂಟು. ಅಗಲುವ ಗಳಿಗೆಯಲ್ಲಿ ವಿಮುಖರಾದ ಹೆಂಗಸರು ಸಂಗಾತಿಯ ಸಾಮೀಪ್ಯವನ್ನು ಕಡಮೆ ಬಯಸಿದರೆಂಬುದು ಅದರ ಫಲಿತಾಂಶಗಳಲ್ಲೊಂದು. ಬಜ್ಪೆಯ ವಿಮಾನನಿಲ್ದಾಣದ ಬಾಗಿಲಿನಲ್ಲಿ ಈ ಅಳತೆಗೋಲು ಹಾಗೆಯೇ ನಡೆಯಲಾರದು. ಅತ್ತೆಮಾವಂದಿರ ಎದುರಿನಲ್ಲಿ ಗಂಡನ ಕೈಹಿಡಿಯದಿರುವುದು ವೈಮುಖ್ಯದ ಲಕ್ಷಣವಲ್ಲ, ಮರ್ಯಾದೆ. ಮರಳಿ ಬಂದ ತಂದೆಯನ್ನು ಕಂಡು ಎರಡು ವರ್ಷದ ಮಗು ತಾಯಿಯ ಸೆರಗಿನ ಹಿಂದೆ ಅಡಗುವುದೂ ಅಭದ್ರತೆಯಲ್ಲ, ಅಪರಿಚಯ. ಆದರೆ ಬಂದುಹೋಗುವ ಗಂಡನೆಂಬ ಚಿತ್ರ ಹಳೆಯದೇ ಆದರೂ, ಅಂದು ಅದಕ್ಕೆ ಬೆನ್ನಾಗಿದ್ದ ತರವಾಡು ಇಂದಿಲ್ಲವೆಂಬುದೇ ಮುಖ್ಯವಾದ ವ್ಯತ್ಯಾಸ.

ಊರಿನಲ್ಲಿ ಉಳಿದ ಹೆಂಗಸರಲ್ಲಿ ಬಹುಮಂದಿಗೆ ಬೀಡಿಯೇ ಜೀವನೋಪಾಯವಾಗಿತ್ತು. ಮನೆಯ ಜಗಲಿಯಲ್ಲಿಯೇ ಕುಳಿತು ಬೀಡಿ ಕಟ್ಟಿ ಕಂಪೆನಿಯ ಬ್ರಾಂಚಿಗೆ ಒಯ್ಯುವ ಈ ಕೆಲಸವು ತಾಯಿಯನ್ನು ಮಗುವಿನಿಂದ ದೂರಮಾಡಲಿಲ್ಲವೆಂಬುದು ನಿಜ. ಅನುಬಂಧಕ್ಕೆ ಬೇಕಾದದ್ದು ತಾಯಿಯ ದೇಹದ ಸಾಮೀಪ್ಯವಷ್ಟೇ ಅಲ್ಲ, ಕರೆಗೆ ಓಗೊಡುವ ಮನಸ್ಸಿನ ಬಿಡುವು. ಸಂಜೆಯೊಳಗೆ ಲೆಕ್ಕ ತುಂಬಿಸಬೇಕಾದ ಕೈಗಳಿಗೆ ಆ ಬಿಡುವು ಎಷ್ಟಿತ್ತೆಂಬುದನ್ನು ಬೀಡಿಯ ದರವೇ ನಿರ್ಣಯಿಸುತ್ತಿತ್ತು. ಇತ್ತೀಚೆಗೆ ಮೂಡುಬಿದಿರೆ, ಉಜಿರೆಗಳು ವಸತಿ ವಿದ್ಯಾಲಯಗಳ ಊರುಗಳಾಗಿ ಹೆಸರಾಗಿವೆ. ಹದಿಹರೆಯದಲ್ಲಿ ಹಾಸ್ಟೆಲು ಸೇರುವುದರಿಂದಲೇ ಅನುಬಂಧವು ಮುರಿಯುವುದಿಲ್ಲ. ಏಳೆಂಟರ ಪ್ರಾಯದ ಮಗುವನ್ನು ದೂರದ ವಸತಿಶಾಲೆಗೆ ಕಳುಹಿಸುವ ಮಾತು ಮಾತ್ರ ಬೇರೆ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಪ್ರಸ್ತುತ ಲೇಖಕನಿಗೆ ತೋರುವುದಿಷ್ಟು: ಹತ್ತು ಜನರಲ್ಲಿ ಹಂಚಿದ್ದ ಆಸರೆಯ ಭಾರವು ಮಂಗಳೂರಿನ ಅಥವಾ ಮುಂಬಯಿಯ ಎರಡು ಕೋಣೆಗಳ ಮನೆಯಲ್ಲಿ ಗಂಡಹೆಂಡಿರಿಬ್ಬರ ಮೇಲೆಯೇ ಬಿದ್ದಿದೆ. ಹಿಂದೆ ಅಕ್ಕನೊಡನೆ, ಅಜ್ಜಿಯೊಡನೆ, ಭಾವನೊಡನೆ ಹೇಳಿಕೊಂಡು ಹಗುರಾಗುತ್ತಿದ್ದ ಕ್ಲೇಶಗಳಿಗೆಲ್ಲ ಈಗ ಕೇಳುವ ಕಿವಿಯೊಂದೇ. ಆ ಕಿವಿಯು ಒಂದು ದಿನ ಕೇಳದಿದ್ದರೆ ಪರಿತ್ಯಕ್ತಳಾದೆನೆಂಬ ಭಾವ ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಅಭದ್ರರು ಹೆಚ್ಚಾದರೆನ್ನುವುದಕ್ಕಿಂತ, ಅಭದ್ರತೆಯನ್ನು ಮರೆಸುತ್ತಿದ್ದ ಮಾಡು ಹಾರಿಹೋಯಿತೆನ್ನುವುದು ಸತ್ಯಕ್ಕೆ ಹೆಚ್ಚು ಸಮೀಪ.

ಆಕ್ಷೇಪಗಳು ಮತ್ತು ಪರಿವರ್ತನೆಯ ಸಾಧ್ಯತೆ

ದೋಷವನ್ನೆಲ್ಲ ತಾಯಿಯ ತಲೆಗೆ ಕಟ್ಟಲು 1951ರ ವರದಿಯು ಬಹುಕಾಲ ಬಳಕೆಯಾಯಿತು. ದುಡಿಯುವ ತಾಯಂದಿರನ್ನು ದೂಷಿಸಲು ಅದನ್ನು ಆಯುಧವಾಗಿಸಿಕೊಂಡವರು ಬಹುಮಂದಿ. ಭದ್ರತೆಯ ಒಂದೇ ಆದರ್ಶವನ್ನು ಎಲ್ಲ ನಾಡುಗಳಿಗೂ ಹೇರುವುದನ್ನು ಜರ್ಮನಿಯ ಹೈಡಿ ಕೆಲ್ಲರ್ ಮೊದಲಾದವರು ವಿರೋಧಿಸಿದ್ದಾರೆ. ಶೈಶವದ ವರ್ಗವು ಬಾಳಿನುದ್ದಕ್ಕೂ ಅಂಟಿಕೊಳ್ಳುವುದೇ ಎಂಬುದರಲ್ಲಿಯೂ ಏಕಮತವಿಲ್ಲ. 50 ಮಂದಿಯನ್ನು ಇಪ್ಪತ್ತು ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ ನೂರಕ್ಕೆ 72ರಷ್ಟು ಮಂದಿ ಭದ್ರಾಭದ್ರಗಳಲ್ಲಿ ತಮ್ಮ ಹಳೆಯ ಪಾಲಿನಲ್ಲಿಯೇ ಉಳಿದಿದ್ದರು; ಬಡತನದಲ್ಲಿಯೂ ಕಷ್ಟಗಳ ನಡುವೆಯೂ ಬೆಳೆದವರನ್ನು ಕುರಿತ ಮಿನೆಸೋಟದ ದೀರ್ಘಕಾಲದ ಅಧ್ಯಯನದಲ್ಲಿ ಅಂಥ ಸ್ಥಿರತೆಯು ಕಾಣಲಿಲ್ಲ. ಬಾಳು ಬದಲಾದಾಗ ಅನುಬಂಧವೂ ಬದಲಾಗುತ್ತದೆಂದು ಇದರಿಂದ ತಿಳಿಯತಕ್ಕದ್ದು. ದುಃಖದ ಬಾಲ್ಯವನ್ನು ದಾಟಿ, ವಿಶ್ವಾಸಾರ್ಹ ಸಂಗಾತಿಯಿಂದಲೋ ಗುರುವಿನಿಂದಲೋ ಚಿಕಿತ್ಸೆಯಿಂದಲೋ ಭದ್ರತೆಯನ್ನು ಪಡೆದವರನ್ನು ಶಾಸ್ತ್ರಜ್ಞರು ಆರ್ಜಿತ ಭದ್ರರೆನ್ನುತ್ತಾರೆ. ದಂಪತಿಗಳನ್ನು ಒಟ್ಟಿಗೆ ಕೂರಿಸಿ, ಜಗಳದ ವಿಷಯವನ್ನು ಬಿಟ್ಟು ಅದರ ಅಡಿಯಲ್ಲಿರುವ ಭಯವನ್ನು ಮಾತಿಗೆ ತರಿಸುವ ಚಿಕಿತ್ಸಾಕ್ರಮವನ್ನು ಕೆನಡದ ಸೂ ಜಾನ್ಸನ್ 1980ರ ದಶಕದಲ್ಲಿ ಲೆಸ್ಲಿ ಗ್ರೀನ್‌ಬರ್ಗ್‌ನೊಡನೆ ರೂಪಿಸಿದಳು.

ಕನ್ನಡದಲ್ಲಿ ಮನೋರೋಗಗಳನ್ನು ಕುರಿತು ಸಾಹಿತ್ಯದೃಷ್ಟಿಯಿಂದಲೂ ಬೆಲೆಯುಳ್ಳ ಬರೆಹವನ್ನು ಕೊಟ್ಟವರು ರಾಶಿಯೆಂಬ ಹೆಸರಿನ ವೈದ್ಯ ಎಂ. ಶಿವರಾಂ, ಅವರ ಮನಮಂಥನಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದ ಸಿ.ಆರ್. ಚಂದ್ರಶೇಖರರು ಜನಸಾಮಾನ್ಯರಿಗಾಗಿ ನೂರಾರು ಲೇಖನ, ಪುಸ್ತಿಕೆಗಳನ್ನು ಬರೆದಿದ್ದಾರೆ. ದಾಂಪತ್ಯಕಲಹಗಳಿಗೂ ಕುಟುಂಬದ ತೊಡಕುಗಳಿಗೂ ನಿಮ್ಹಾನ್ಸಿನಲ್ಲಿ ಪ್ರತ್ಯೇಕ ಕುಟುಂಬಚಿಕಿತ್ಸಾ ವಿಭಾಗವುಂಟು. ಬೆಳ್ತಂಗಡಿಯ ಘಟ್ಟದ ತಪ್ಪಲಿನಿಂದ ಅಷ್ಟು ದೂರ ಹೋಗಲಾಗದವರು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಕರೆಮಾಡಬಹುದು; ಕರೆಗೆ ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು.